ಆರಿಸದೆ ಕಾಯ್ದ ಪೆಟ್ಟಿಗೆ

“ಆರ್ವೊನನ್ನ ಮಣ್ಣು ಮಾಡಿದ ದಿನ ಅಡುಗೆಮನೆ ಸಾಕಾಗ್ಲಿಲ್ಲ ನೋಡು. ಪ್ರಾರ್ಥನೆ ಮುಗಿಸಿ ಬಂದವ್ರಿಗೆಲ್ಲ ಕಾಫಿ ಆಗ್ಬೇಕಲ್ಲ, ಚರ್ಚಿನ ಹೆಂಗಸ್ರು ಆ ದೊಡ್ಡ ಕರೆಂಟಿನ ಕಾಫಿ ಹಂಡೆ ತಂದು ಇಲ್ಲೇ ಟೀವಿ ಪಕ್ಕ ಇಟ್ರು. ಪ್ಲಗ್ಗಿಗೆ ಜಾಗ ಇಲ್ಲ ಅಂತ ಟೀವಿದು ಕಿತ್ತು ಹಂಡೇದು ಹಾಕಿದ್ರು. ನಾನು ನೋಡ್ತಾನೇ ಇದ್ದೆ, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಮಾರನೇ ದಿನ ಹಾಕಿದ್ರೆ ಬರೀ ಕಪ್ಪು. ಸಿಗ್ನಲ್ ಇಲ್ಲ ಅಂತ ಬರ್ಕೊಂಡು ಕೂತಿದೆ. ಆದ್ರೆ ಕೆಳಗಿನ ಪೆಟ್ಟಿಗೇದು ಹಸಿರು ದೀಪ ಒಂದು ಗಳಿಗೇನೂ ಆರಿಲ್ಲ. ಅದ್ರೊಳಗೆ ಆರ್ವೊ ಇದಾನೆ, ಓರೆಸ್ಟ್. ಏನು ಬೇಕಾದ್ರೂ ಬಿಚ್ಚು, ಅದೊಂದನ್ನ ಮಾತ್ರ ಆರಿಸ್ಬೇಡ.”

ಹೆಲ್ಮಿ ಹೀಗೆ ಹೇಳಿ ನಾಲ್ಕು ವಾರದ ಮೇಲೆ ಮೊದಲ ಸಲ ಸೋಫಾದ ಮೇಲೆ ಕೂತಳು. ಮೂವತ್ತೊಂದು ವರ್ಷ ಥಂಡರ್ ಬೇ ಊರಿನ ಶಾಲೆಯೊಂದರಲ್ಲಿ ಅಡುಗೆ ಮಾಡಿದ ಹೆಂಗಸು ಅವಳು, ಕೂತು ಅಭ್ಯಾಸವಿಲ್ಲ. ಗುರುವಾರ ಸಂಜೆ ಮಾತ್ರ ಚರ್ಚಿಗೆ ಹೋಗಿ ಹಳೇ ಬಟ್ಟೆ ಸೀಳಿ ಜಮಖಾನ ನೇಯುತ್ತಿದ್ದಳು. ಅದೇ ಹೊತ್ತಿಗೆ ಊರಿನ ಚಾನೆಲ್‌ನಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಪಂದ್ಯ ಬರುತ್ತಿತ್ತು. ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದ ಗಂಡ ಆರ್ವೊ ತಾನೇ ಜೋಡಿಸಿದ ಈ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗೆ ಅದನ್ನು ವಾರವಾರ ಅವಳಿಗಾಗಿ ರೆಕಾರ್ಡ್ ಮಾಡಿಡಲು ಹೇಳಿದ್ದ. ನವೆಂಬರಿನ ಕೊನೆಯ ವಾರ ಆಡಿದವನು ಅವನೇ. ಕೊನೆಯ ಕಲ್ಲು ಜಾರಿಸಿ ಗೆದ್ದು, ಟೀವಿಯವರ ಮುಂದೆ ಎರಡು ಮಾತೂ ಆಡಿದ್ದ.

“ಬಾರೇ, ನೋಡು” ಎಂದು ಎರಡು ಸಲ ಕರೆದ. “ಕ್ರಿಸ್‌ಮಸ್ ಬ್ರೆಡ್ಡು ಮುಗೀಲಿ, ನಿನ್ನ ಮುಖ ಎಲ್ಲಿಗೆ ಓಡಿಹೋಗುತ್ತೆ” ಅಂದಿದ್ದಳು. ಹತ್ತನೇ ದಿನಕ್ಕೆ ಅವನ ಎದೆಬಡಿತ ನಿಂತಿತು. ಚಾನೆಲ್‌ನವರು ಹಳೆಯದನ್ನು ಇಡುವುದಿಲ್ಲವಂತೆ.

ಪಕ್ಕದ ಮನೆಯ ಓರೆಸ್ಟ್ ಟೆಲಿಫೋನ್ ಕಂಬ ಹತ್ತಿಯೇ ಮುದುಕನಾದವನು. ತಂತಿ ಬದಲಿಸಿದ, ಟೀವಿಯ ಬೇರೆ ತೂತಿಗೆ ಚುಚ್ಚಿದ. ಕಪ್ಪು ಕಪ್ಪಾಗಿಯೇ ಇತ್ತು.

“ಇವೆರಡೂ ಮುನಿಸ್ಕೊಂಡಿವೆ ಮಾರಾಯ್ತಿ. ಟೀವಿ ಹೋದಾಗ ಪೆಟ್ಟಿಗೆ ಅದನ್ನ ಮರೆತುಬಿಟ್ಟಿದೆ. ಎರಡನ್ನೂ ಆರಿಸಿ, ಮೊದ್ಲು ಟೀವಿ ಹಾಕಿ, ಆಮೇಲೆ ಪೆಟ್ಟಿಗೆ ಹಾಕಿದ್ರೆ ಗುರುತು ಹಿಡಿಯುತ್ತೆ.”

“ಆರಿಸಿದ್ರೆ ಅವನು ಹೋದ್ರೆ?”

“ದೀಪ ಆರಿಸಿದ್ರೆ ನಿನ್ನ ಪಾತ್ರೆಪಗಡಿ ಮಾಯ ಆಗುತ್ತಾ? ಒಳಗಿರೋದು ಒಳಗೇ ಇರುತ್ತೆ.”

ಹೆಲ್ಮಿ ಹೂಂ ಎಂದು ತಲೆಯಾಡಿಸಿದಳು. ಹಸಿರು ದೀಪ ಆರಿತು. ಓರೆಸ್ಟ್ ನೂರರವರೆಗೆ ಎಣಿಸಿದ. ಟೀವಿ ಹಾಕಿದ, ಕಾದ, ಪೆಟ್ಟಿಗೆಯ ಗುಂಡಿ ಒತ್ತಿದ. ಪರದೆ ನೀಲಿಯಾಯಿತು, ಪಂದ್ಯಗಳ ಪಟ್ಟಿ ಬಂತು. ಒಟ್ಟು ಆರು. ಓರೆಸ್ಟ್ ಕೆಳಕ್ಕೆ ಹೋದ, ಮೇಲಕ್ಕೆ ಬಂದ, ಮತ್ತೆ ಕೆಳಕ್ಕೆ ಹೋದ.

“ಎಲ್ಲಿ ಅವನ ಪಂದ್ಯ?” ಎಂದಳು ಹೆಲ್ಮಿ.

“ನಾನೇ ಹಾಳು ಮಾಡ್ದೆ ಕಣೇ. ಆರಿಸಿದಾಗ ಹೋಯ್ತು ಅಂತ ಕಾಣುತ್ತೆ.”

ಅವಳು ಕನ್ನಡಕ ಹಾಕಿಕೊಂಡು ಎದ್ದು ಬಂದು ಒಂದೊಂದೇ ತಾರೀಕಿನ ಮೇಲೆ ಬೆರಳಿಟ್ಟಳು. ಎಲ್ಲಕ್ಕಿಂತ ಕೆಳಗಿನದು ಡಿಸೆಂಬರಿನ ಮೊದಲ ಗುರುವಾರದ್ದು, ಮೇಲಿನದು ಮೊನ್ನೆ ಗುರುವಾರದ್ದು.

“ಅವನು ಎಷ್ಟು ಇಟ್ಕೊ ಅಂತ ಹೇಳಿದ್ದ ಇದಕ್ಕೆ?”

ಓರೆಸ್ಟ್ ನೆಲ ನೋಡುತ್ತ, “ಆರು” ಅಂದ. “ಹೊಸದೊಂದು ಬಂದ್ರೆ ಹಳೇದೊಂದನ್ನ ಅಳಿಸುತ್ತೆ.”

“ಹಾಗಾದ್ರೆ ಮೊನ್ನೆವರೆಗೂ ಇದ್ದ.”

“ಹ್ಞೂಂ.”

“ಅವತ್ತೇ ಆರಿಸಿದ್ದಿದ್ರೆ ಉಳೀತಿದ್ದ.” ಅವಳ ದನಿ ಏರಲಿಲ್ಲ. “ನಾನು ಕಾವಲು ಕೂತೆ, ಅದು ಕತ್ತಲಲ್ಲಿ ತನ್ನ ಕೆಲ್ಸ ಮಾಡ್ಕೊಂಡು ಹೋಯ್ತು. ತಪ್ಪು ನಿಂದೇ ಅಂತ ನನಗೋಸ್ಕರ ಹೇಳ್ದೆ, ಆದ್ರೆ ಇಷ್ಟು ವರ್ಷ ಪಕ್ಕದಲ್ಲಿದ್ರೂ ನಿನಗೆ ಸುಳ್ಳು ಹೇಳೋಕೆ ಬರ್ಲಿಲ್ಲ ನೋಡು, ಓರೆಸ್ಟ್.”

ಅವನು ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದ. “ನಿಲ್ಲು” ಅಂದಳು. ಬೆಳಗಿನಿಂದ ಹೊರಗಿನ ಮೆಟ್ಟಿಲ ಮೇಲೆ ಹಿಮ ಹೆಪ್ಪುಗಟ್ಟಿ ಜಾರುತ್ತಿತ್ತು. ಹೆಲ್ಮಿ ಶಾಲು ಹೊದ್ದು ಮರಳಿನ ಬಕೆಟ್ ತಂದಳು. ಬಗ್ಗಿ, ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ಅವನ ಕಾಲು ಜಾರದಂತೆ ಒಂದೊಂದಕ್ಕೂ ಒಂದೊಂದು ಹಿಡಿ ಮರಳು ಎರಚುತ್ತ ಕೆಳಗಿಳಿದಳು.