‘ಹೌದು’ ಎಂದವನಿಗೆ ಎಷ್ಟು ಮಾರ್ಕ್ಸ್?

“ನಮ್ ಸ್ಕೂಲಲ್ಲಿ ಪೊರಕೆ ಎಲ್ಲಿಟ್ಟಿರ್ತಾರೆ, ಹೇಳು ನೋಡಾನ?”

ಏಳನೇ ಕ್ಲಾಸಿನ ರಕ್ಷಿತಾ ಕೇಳಿದ್ದು ಇಷ್ಟೇ. ಎದುರಿಗೆ ನಿಂತಿದ್ದವನು ಎಂಟನೇ ಕ್ಲಾಸಿನ ಚೇತನ್, ಶಾಲೆಯ ನಂಬರ್ ಒನ್ ಭಾಷಣಕಾರ. ಸ್ವಲ್ಪ ಹೊತ್ತಿನ ಮುಂಚೆ ತಾನೆ ಅವನು ಜಪಾನಿನ ಮಕ್ಕಳು ತಮ್ಮ ತರಗತಿಯನ್ನು ತಾವೇ ಹೇಗೆ ಗುಡಿಸಿಕೊಳ್ಳುತ್ತಾರೆ ಅಂತ ಕೈ ಎತ್ತಿ, ದನಿ ಏರಿಸಿ, ಮೇಜು ಗುದ್ದಿ ಚಪ್ಪಾಳೆ ಗಿಟ್ಟಿಸಿದ್ದ. ಜಪಾನಿನ ಪೊರಕೆಯ ಬಗ್ಗೆ ಅಷ್ಟೆಲ್ಲ ಗೊತ್ತಿದ್ದ ಹುಡುಗನಿಗೆ ತನ್ನ ಶಾಲೆಯ ಪೊರಕೆ ಎಲ್ಲಿದೆ ಅಂತ ಗೊತ್ತಿರಲಿಲ್ಲ.

ಆಮೇಲೆ ಅವನು ಮಾಡಿದ ಕೆಲಸವಿದೆಯಲ್ಲ, ಅದಕ್ಕೆ ಮಾರ್ಕ್ಸ್ ಹಾಕೋದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮೊದಲು ನಾನು ಅಲ್ಲಿಗೆ ಹೋದದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಗುಬ್ಬಿಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಗಳ ನಡುವೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅಲ್ಲಿ ಹರೀಶ ಮೇಷ್ಟ್ರು. ಕಾಲೇಜಿನಲ್ಲಿ ನಾನೂ ಅವನೂ ಒಂದೇ ಡಿಬೇಟ್ ಟೀಮು. ಅವನು ಪರ, ನಾನು ವಿರೋಧ. (ಈಗಲೂ ಹಾಗೇ, ವಿಷಯ ಯಾವುದಾದರೂ.) “ಗುಬ್ಬೀಲಿ ನಡೆಯೋ ತಾಲ್ಲೂಕು ಚರ್ಚಾಸ್ಪರ್ಧೆಗೆ ಒಬ್ರನ್ನ ಆರಿಸ್ಬೇಕು, ಜಡ್ಜ್ ಆಗಿ ಬಾರೆ” ಅಂತ ಫೋನ್ ಮಾಡಿದ. ವಿಷಯ ಕೇಳಿದೆ. ‘ಶಾಲೆಯನ್ನು ವಿದ್ಯಾರ್ಥಿಗಳೇ ಸ್ವಚ್ಛಗೊಳಿಸಬೇಕು.’

ನಾನು ಒಂದು ಷರತ್ತು ಹಾಕಿದೆ. ಭಾಷಣ ಮುಗಿದ ಮೇಲೆ ಮಕ್ಕಳು ಒಬ್ಬರಿಗೊಬ್ಬರು ಪ್ರಶ್ನೆ ಕೇಳಬೇಕು.

“ಅದೆಲ್ಲ ಯಾಕೆ? ಮಕ್ಳು ಪ್ರಿಪೇರ್ ಆಗಿಲ್ಲ.”

“ಅದಕ್ಕೇ.”

ತುಮಕೂರಿನ ಶೆಟ್ಟಿಹಳ್ಳಿಯಿಂದ ಸ್ಕೂಟರ್ ಹತ್ತಿ ಹೋದೆ. ಮೊದಲ ಭಾಷಣದಲ್ಲೇ ನನ್ನ ಅನುಮಾನ ನಿಜವಾಯಿತು. “ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನ್ಯಾಯದ ತಕ್ಕಡಿ ಹಿಡಿದಿರುವ ತೀರ್ಪುಗಾರರೇ...” ಈ ತಕ್ಕಡಿ ನನಗೆ ಚೆನ್ನಾಗಿ ಗೊತ್ತು. ಕಾಲೇಜಿನಲ್ಲಿ ಹರೀಶ ಇದನ್ನು ಎಷ್ಟು ವೇದಿಕೆಗೆ ಹೊತ್ತು ತಂದಿದ್ದನೋ! ಎರಡನೇ ಭಾಷಣದಲ್ಲೂ ತಕ್ಕಡಿ. ಮೂರನೆಯದರಲ್ಲೂ. ಪರದವರಿಗೂ ಅವನೇ ಬರೆದುಕೊಟ್ಟಿದ್ದ, ವಿರೋಧದವರಿಗೂ ಅವನೇ. ಅಂದರೆ ಅಲ್ಲಿ ನಡೆಯುತ್ತಿದ್ದದ್ದು ಹರೀಶ ವರ್ಸಸ್ ಹರೀಶ. ನಮ್ಮ ಎಷ್ಟು ಶಾಲೆಗಳಲ್ಲಿ ಹೀಗಲ್ಲ, ನೀವೇ ಹೇಳಿ? ಮಕ್ಕಳ ಪ್ರತಿಭೆ ಅಂತ ನಾವು ತಟ್ಟುವ ಚಪ್ಪಾಳೆ ಹೋಗಿ ಸೇರುವುದು ಯಾರಿಗೆ?

ರಕ್ಷಿತಾಳ ಭಾಷಣವೂ ಬಾಯಿಪಾಠವೇ. “ಮಕ್ಕಳು ಶಾಲೆಗೆ ಬರುವುದು ಕಲಿಯಲೆಂದೇ ಹೊರತು ಕಸ ಹೊಡೆಯಲೆಂದಲ್ಲ” ಅಂತ ಒಂದೇ ಉಸಿರಿನಲ್ಲಿ ಒಪ್ಪಿಸಿ, ಒಂದು ಕಡೆ ತಡವರಿಸಿ, ಕೂತಳು. ಚೇತನ್ ಮಾತ್ರ ರೇಸಿಗೆ ತಯಾರಾದ ಕುದುರೆ. ಇಸ್ತ್ರಿ ಶರ್ಟು, ಬೆಳ್ಳಗೆ ಹೊಳೆಯುವ ಹೊಸ ಶೂ. ಗುಬ್ಬಿಗೆ ಹೋಗುವುದು ಅವನೇ ಅಂತ ಇಡೀ ಶಾಲೆಗೆ ಗೊತ್ತಿತ್ತು. ಹಿಂದಿನ ಬೆಂಚಿನಲ್ಲಿ ಅವನ ಅಮ್ಮ ಕೂತಿದ್ದರು. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಅರ್ಧ ದಿನ ರಜೆ ಹಾಕಿ, ಬಸ್ಸು ಬದಲಾಯಿಸಿ, ಮಗ ಗೆಲ್ಲುವುದನ್ನು ನೋಡಲೆಂದೇ ಬಂದವರು. ಆ ಶೂ ಅವರೇ ತಂದದ್ದು, ಗುಬ್ಬಿಯ ವೇದಿಕೆಗೆ ಅಂತ.

ಆಮೇಲೆ ಬಂತು ಪ್ರಶ್ನೆಯ ಸುತ್ತು. ಪೊರಕೆಯ ಪ್ರಶ್ನೆ.

“ಸ್ಟಾಫ್ ರೂಮಲ್ಲಿ?” ಅಂದ ಚೇತನ್.

ಹುಡುಗಿಯರೆಲ್ಲ ಕಿಸಕ್ಕೆಂದರು.

“ಅಡುಗೆ ಮನೇಲಿ?”

“ಆರನೇ ಕ್ಲಾಸ್ ಬಾಗ್ಲ್ ಹಿಂದೆ ಕಣೋ!” ಅಂತ ಹುಡುಗಿಯರ ಸಾಲಿಗೆ ಸಾಲೇ ಕೂಗಿತು.

ರಕ್ಷಿತಾ ಬಿಡಲಿಲ್ಲ. ಅಲ್ಲಿಯತನಕ ಒಪ್ಪಿಸುತ್ತಿದ್ದ ಹುಡುಗಿ ಆಗ ಮಾತಾಡತೊಡಗಿದಳು. “ದಿನಾ ಬೆಳಗ್ಗೆ ಯಾರ್ ಗುಡುಸ್ತಾರೆ? ನಾವು. ಹುಡುಗ್ರು ಏನ್ ಮಾಡ್ತಿರ್ತೀರ? ಕ್ರಿಕೆಟ್ಟು. ವಿದ್ಯಾರ್ಥಿಗಳೇ ಗುಡಿಸ್ಬೇಕು ಅಂದ್ಯಲ್ಲ, ನೀನ್ ವಿದ್ಯಾರ್ಥಿ ಅಲ್ವಾ? ಜಪಾನಲ್ಲೂ ಹಿಂಗೇನಾ?”

ಶಾಲೆ ಹೋ ಎಂದಿತು. ಕಿಟಕಿಯ ಹತ್ತಿರ ನಿಂತ ಹರೀಶ “ಶಿಸ್ತು! ಶಿಸ್ತು ಅನ್ನು!” ಅಂತ ತುಟಿ ಅಲ್ಲಾಡಿಸುತ್ತಿದ್ದ. ನಾನೂ ಸುಮ್ಮನಿರಲಿಲ್ಲ. ಅಭ್ಯಾಸಬಲ ನೋಡಿ, ಅವನ ಜಾಗದಲ್ಲಿ ನಾನಿದ್ದರೆ ತಪ್ಪಿಸಿಕೊಳ್ಳುವುದು ಹೇಗೆ ಅಂತ ತಲೆ ಓಡುತ್ತಿತ್ತು. ‘ಇದು ವಿಷಯಾಂತರ’ ಅನ್ನಬಹುದು. ‘ಇದು ಜಾರಿಯ ದೋಷ, ತತ್ವದ ದೋಷವಲ್ಲ’ ಅನ್ನಬಹುದು. ಏನೂ ತೋಚದಿದ್ದರೆ ‘ನನ್ನ ಗೆಳತಿ ಭಾವುಕರಾಗುತ್ತಿದ್ದಾರೆ’ ಅಂತ ನಕ್ಕುಬಿಡಬಹುದು. (ಈ ಕೊನೆಯದನ್ನು ನನ್ನ ಮೇಲೆ ಪ್ರಯೋಗಿಸದ ಗಂಡು ಎದುರಾಳಿಯೇ ಇರಲಿಲ್ಲ.)

ಚೇತನ್ ಇದಾವುದನ್ನೂ ಮಾಡಲಿಲ್ಲ. ಮೈಕ್ ಹಿಡಿದುಕೊಂಡು ರಕ್ಷಿತಾಳ ಕಡೆ ತಿರುಗಿದ. ಆಮೇಲೆ ಹೇಳಿದ.

“ಹೌದು. ನೀನ್ ಹೇಳಿದ್ದು ಸರಿ. ಮಕ್ಳೇ ಗುಡಿಸ್ಬೇಕು ಅಂತ ಅಂದೆ, ಮಕ್ಳಲ್ಲಿ ನಾನೂ ಬರ್ತೀನಿ ಅಂತ ಯೋಚ್ನೆ ಮಾಡಿರ್ಲಿಲ್ಲ.”

ಅಷ್ಟೇ. ಮೈಕ್ ಕೊಟ್ಟು ಹೋಗಿ ಕೂತ. ಅವನ ಸಮಯ ಇನ್ನೂ ಬಾಕಿ ಇತ್ತು.

ಸ್ವಾಮಿ, ನಾನು ಸ್ಕೂಲಿನಿಂದ ಹಿಡಿದು ಯೂನಿವರ್ಸಿಟಿಯ ತನಕ ವೇದಿಕೆ ಹತ್ತಿದವಳು. ಎದುರಾಳಿ ಕೆಮ್ಮಿದ್ದು ನೋಡಿದ್ದೇನೆ, ಅತ್ತದ್ದು ನೋಡಿದ್ದೇನೆ, ಜಗಳಕ್ಕೆ ಬಂದದ್ದೂ ಉಂಟು. ‘ಹೌದು’ ಅಂದದ್ದನ್ನು ನೋಡಿದ್ದು ಇದೇ ಮೊದಲು.

ವೇದಿಕೆ ಬಿಡಿ, ಮನೆಗಳಲ್ಲಿ ನೋಡಿದ್ದೀರಾ? ಉಪ್ಪಾರಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪ ಒಮ್ಮೆ ಕುಣಿಗಲ್‌ನ ಮದುವೆಗೆ ನಮ್ಮನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಹೊರಟರು. ಚಿಕ್ಕಮ್ಮ “ಇದಲ್ಲ ಕಣ್ರೀ ದಾರಿ” ಅಂದರು. ಇವರು ಗೇರ್ ಬದಲಾಯಿಸಿದರು. ಅಕ್ಷತೆಯೂ ಮುಗಿದು, ಊಟದ ಕೊನೇ ಪಂಕ್ತಿ ಏಳುವಾಗ ನಾವು ಛತ್ರ ತಲುಪಿದೆವು. ಅವತ್ತೂ ಚಿಕ್ಕಪ್ಪ ದಾರಿ ತಪ್ಪಿತು ಅನ್ನಲಿಲ್ಲ. “ಆ ರೋಡಲ್ಲಿ ಗಾಳಿ ಚೆನ್ನಾಗೈತೆ ಅಂತ ಹೋದೆ” ಅಂದರು. ಇಂಥ ಚಿಕ್ಕಪ್ಪ ಇಲ್ಲದ ಮನೆ ತುಮಕೂರಿನಲ್ಲಿ ಇದೆಯೇ?

ಸರಿ, ತೀರ್ಪಿಗೆ ಬರೋಣ. ಮಾರ್ಕ್ಸ್ ಹಾಕಲು ವಿಷಯ, ಭಾಷೆ, ಹಾವಭಾವ ಅಂತ ಕಾಲಂಗಳಿದ್ದವು. ‘ಒಪ್ಪಿಕೊಂಡದ್ದು’ ಅನ್ನುವ ಕಾಲಂ ಇರಲಿಲ್ಲ. ನನ್ನ ಪಕ್ಕದ ತೀರ್ಪುಗಾರರು ಎಸ್‌ಡಿಎಂಸಿ, ಅಂದರೆ ಶಾಲಾ ಸಮಿತಿಯ ಅಧ್ಯಕ್ಷ ಶಿವಣ್ಣ, ಪಕ್ಕದ ತೆಂಗಿನ ತೋಟದ ಯಜಮಾನರು. ಅವರಿಗೆ ಗೊಂದಲವೇ ಇರಲಿಲ್ಲ.

“ನಾಕ್ ಜನದ್ ಮುಂದೆ ಸೋತೆ ಅಂದ್ಬುಟ್ನಲ್ಲಮ್ಮ. ಅವನ್ನ ಗುಬ್ಬಿಗ್ ಕಳ್ಸಿ ಅಲ್ಲೂ ಸೋತೆ ಅನ್ಸದಾ?”

ಹರೀಶ ಓಡಿ ಬಂದ. “ಇವ್ಳೇ, ಸೆಂಟಿಮೆಂಟ್ ಬೇಡ. ಭಾಷಣ ನೋಡು. ಅವ್ನೇ ಬೆಸ್ಟು. ಗುಬ್ಬೀಲಿ ಗೆಲ್ಲೋನು ಅವ್ನೇ.”

“ಅದು ನಿನ್ನ ಭಾಷಣ. ನಿನ್ನನ್ನು ಗುಬ್ಬಿಗೆ ಕಳಿಸೋಣವಾ?”

ಸಿಟ್ಟಾದ. ಆಗಲಿ. ಆದರೆ ಪ್ರಾಮಾಣಿಕತೆಗೆ ಬಹುಮಾನ ಅಂತ ಚೇತನ್‌ಗೆ ಕೊಡುವುದಕ್ಕೂ ನಾನು ತಯಾರಿರಲಿಲ್ಲ. ಯಾಕೆ ಗೊತ್ತೇ? ‘ಹೌದು’ ಅಂದರೆ ಪ್ರೈಜು ಅಂತ ಒಮ್ಮೆ ಗೊತ್ತಾದರೆ ಮುಗಿಯಿತು. ಮುಂದಿನ ವರ್ಷ ಹರೀಶ ಅದನ್ನೂ ಬರೆದುಕೊಡುತ್ತಾನೆ. ಮಕ್ಕಳು ಬಾಯಿಪಾಠ ಮಾಡಿ, ಕಣ್ಣೀರು ಬರಿಸಿಕೊಂಡು ಒಪ್ಪಿಕೊಳ್ಳುತ್ತಾರೆ. ಚೇತನ್ ಆ ಮಾತು ಹೇಳಿದ್ದಕ್ಕೆ ಬೆಲೆ ಇರುವುದೇ ಅದರಿಂದ ಏನೂ ಸಿಗುವುದಿಲ್ಲ ಅಂತ ಗೊತ್ತಿದ್ದೂ ಹೇಳಿದನಲ್ಲ, ಅದಕ್ಕೆ.

ಒಂದು ಪ್ರಶ್ನೆಯಿಂದ ಇಡೀ ಚರ್ಚೆಯನ್ನು ತಿರುಗಿಸಿದವಳು ರಕ್ಷಿತಾ. ಗುಬ್ಬಿಗೆ ಅವಳೇ ಹೋಗಬೇಕು ಅಂದೆ. ಶಿವಣ್ಣ ಒಪ್ಪಿದರು, ಅವರ ಕಾರಣ ಬೇರೆಯಿದ್ದರೂ.

ಫಲಿತಾಂಶ ಓದುವಾಗ ನಾನು ಹಿಂದಿನ ಬೆಂಚಿನ ಕಡೆ ನೋಡಲಿಲ್ಲ. ಹೊರಗೆ ಸ್ಕೂಟರ್ ತೆಗೆಯುವಾಗ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಗೇಟಿನ ಹತ್ತಿರ ತಾಯಿ, ಮಗ.

“ಅಲ್ಲ ಕಣ್ಲಾ, ಮನೇಲಿ ಒಂದ್ ಮಾತಿಗೆ ಹತ್ ಮಾತ್ ಆಡ್ತೀಯ. ಇಲ್ಲಿ ಬಂದು ಬಾಯಿಗ್ ಬೀಗ ಹಾಕ್ಕೊಂಡ್ಯಾ?”

“ಅವ್ಳು ಹೇಳಿದ್ದು ಸರಿ ಇತ್ತಮ್ಮ.”

“ಸರಿ ಇದ್ರೆ?”

“ಸರಿ ಇದ್ರೆ ಇನ್ನೇನ್ ಹೇಳದು?”

ಅವನ ಕಣ್ಣು ಕೆಂಪಾಗಿತ್ತು. ಗುಬ್ಬಿ ಅವನಿಗೆ ಬೇಕಿತ್ತು. ತುಂಬಾ ಬೇಕಿತ್ತು. ಅಮ್ಮ ನನ್ನ ಕಡೆ ತಿರುಗಿದರು. ಬೈಯುತ್ತಾರೇನೋ ಅಂದುಕೊಂಡೆ. “ಮನೇಲಿ ಕುಡಿದ ಲೋಟ ಎತ್ತಿಡಲ್ಲ ಮೇಡಂ ಇವ್ನು. ಆ ಹುಡುಗಿ ನಮ್ಮನೆಗೂ ಒಂದ್ಸಲ ಬಂದು ಹಿಂಗೇ ಕೇಳ್ಲಿ” ಅಂದರು. ನಗಲಿಲ್ಲ. ಆದರೆ ಮಗನ ಹೆಗಲ ಮೇಲಿದ್ದ ಕೈ ತೆಗೆಯಲೂ ಇಲ್ಲ.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಪ್ಪಿಕೊಳ್ಳುವುದು ಸುಲಭ, ಮಾರನೇ ದಿನ ಮರೆಯುವುದು ಇನ್ನೂ ಸುಲಭ. ಆಮೇಲೊಂದು ದಿನ ಹರೀಶ ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಕಳಿಸಿದ: ಹುಡುಗರು ಕಸ ಗುಡಿಸುತ್ತಿದ್ದಾರೆ. ನಾನು ಇಂಥ ವಿಡಿಯೋಗಳನ್ನು ನಂಬುವವಳಲ್ಲ. ಕ್ಯಾಮೆರಾ ಮುಂದೆ ಯಾರು ತಾನೇ ಪೊರಕೆ ಹಿಡಿಯುವುದಿಲ್ಲ? ಹೇಳದೆ ಕೇಳದೆ ಬೆಳಗಿನ ಬೆಲ್ಲಿಗೆ ಮುಂಚೆ ಹೋಗಿ ನಿಂತೆ.

ಧೂಳೋ ಧೂಳು! ಗುಡಿಸಲು ಬಾರದ ಹುಡುಗರು ಕಸವನ್ನು ಒಬ್ಬರಿಂದೊಬ್ಬರಿಗೆ ಪಾಸ್ ಮಾಡುತ್ತಿದ್ದರು. ಬೆಂಚಿನ ಪ್ರಕಾರ ಸರದಿಯಂತೆ. ಹುಡುಗ, ಹುಡುಗಿ ಅನ್ನುವ ಲೆಕ್ಕವಿಲ್ಲ. ಒಬ್ಬ ದಪ್ಪ ಹುಡುಗ ನನ್ನನ್ನು ನೋಡಿದ್ದೇ ದೂರು ತಂದ. “ಮಿಸ್, ಹೌದು ಅಂದೋನು ಇವ್ನೊಬ್ಬ. ಗುಡ್ಸೋಕೆ ಮಾತ್ರ ನಾವೆಲ್ಲ ಯಾಕೆ?” ಲಾಜಿಕ್ ಗಟ್ಟಿಯಾಗಿದೆ. ಮುಂದಿನ ವರ್ಷದ ಡಿಬೇಟಿಗೆ ಆಳು ಸಿಕ್ಕಿದ.

“ನೀರ್ ಚಿಮುಕಿಸ್ಬೇಕು ಕಣ್ರೋ ಮೊದ್ಲು, ಥೂ!” ಅಂತ ಹುಡುಗಿಯೊಬ್ಬಳು ತಲೆ ಚಚ್ಚಿಕೊಳ್ಳುತ್ತಿದ್ದಳು.

ಚೇತನ್‌ನ ಶೂ ಈಗ ಬಿಳಿಯಾಗಿರಲಿಲ್ಲ. ಅವನು ಕಸ ಬುಟ್ಟಿಗೆ ಸುರಿದು, ಪೊರಕೆ ಆರನೇ ಕ್ಲಾಸಿನ ಬಾಗಿಲ ಹಿಂದೆ ಇಟ್ಟು, ಕೈ ತೊಳೆದು ನೇರ ಹೋದದ್ದು ಜಗುಲಿಗೆ. ಅಲ್ಲಿ ರಕ್ಷಿತಾ ಕಾಯುತ್ತಿದ್ದಳು. ಗುಬ್ಬಿಯ ಸ್ಪರ್ಧೆಗೆ ಅವಳಿಗೆ ಪ್ರಾಕ್ಟೀಸ್ ಕೊಡುವ ಎದುರಾಳಿ ಅವನೇ. ಹರೀಶ ಬರೆದುಕೊಟ್ಟ ಭಾಷಣ ಪಕ್ಕಕ್ಕಿಟ್ಟಿದ್ದಾರಂತೆ. (“ತಕ್ಕಡೀನೂ ತೆಗೆದ್ಬುಟ್ರು” ಅಂತ ಹರೀಶ ಮುಖ ಸಣ್ಣದು ಮಾಡಿಕೊಂಡ.)

“ಸರಿ, ಈಗ ಹುಡುಗ್ರೂ ಗುಡುಸ್ತಾವ್ರೆ” ಅಂದ ಚೇತನ್. “ಈಗ್ಲೂ ಮಕ್ಳು ಗುಡುಸ್ಬಾರ್ದು ಅಂತೀಯಾ? ಯಾಕೆ?”

ರಕ್ಷಿತಾ ಜಡೆ ತುದಿ ಬೆರಳಿಗೆ ಸುತ್ತಿಕೊಂಡಳು. ಅವಳು ಮಾತನಾಡಬೇಕಾದದ್ದು ವಿರೋಧ, ನೆನಪಿದೆಯಲ್ಲ? ಎದುರಾಳಿಯನ್ನು ಮಣಿಸಿದ ಅವಳ ವಾದವನ್ನು ಎದುರಾಳಿಯೇ ಪೊರಕೆ ಹಿಡಿದು ಅವಳ ಕೈಯಿಂದ ಕಿತ್ತುಕೊಂಡಿದ್ದ.

“ತಡಿ, ಯೋಚ್ನೆ ಮಾಡ್ಬೇಕು” ಅಂದಳು.

ಈ ‘ತಡಿ’ ಅನ್ನುವುದನ್ನು ನನಗೆ ಯಾವ ಕೋಚೂ ಕಲಿಸಿರಲಿಲ್ಲ. ನಮಗೆ ಕಲಿಸಿದ್ದು, ನಿಲ್ಲಿಸಬೇಡ, ಏನಾದರೂ ಹೇಳುತ್ತಿರು ಅಂತ. ಬದಲಾವಣೆ ಬಂದೇಬಿಟ್ಟಿತು ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಹತ್ತಿರ ಬರಲಿ, ಹೊಸತನ ಕಳೆಯಲಿ, ಆಗಲೂ ಆ ಹುಡುಗರ ಕೈಯಲ್ಲಿ ಪೊರಕೆ ಇದ್ದರೆ ಮಾತಾಡೋಣ. ಆದರೂ ಅವತ್ತು ಸ್ಕೂಟರ್ ಸ್ಟಾರ್ಟ್ ಮಾಡುವಾಗ ಮನಸ್ಸು ಹಗುರಾಗಿತ್ತು. ಅನುಮಾನದವಳು ಅಂದ ಮಾತ್ರಕ್ಕೆ ಕಣ್ಣಾರೆ ಕಂಡದ್ದನ್ನೂ ಇಲ್ಲ ಅನ್ನಬೇಕೇ?

ರಕ್ಷಿತಾ ಗೇಟಿನ ತನಕ ಓಡಿ ಬಂದಳು.

“ಮಿಸ್, ಗುಬ್ಬೀಲಿ ಎದ್ರುಗಡೆಯೋರು ಸರಿಯಾಗಿ ಹೇಳ್ಬುಟ್ರೆ, ನಾನೂ ಹೌದು ಅನ್ಬೋದಾ?”

“ಅಂದರೆ ಸೋಲ್ತೀಯ ಕಣೇ.”

“ಅದ್ ಗೊತ್ತು ಮಿಸ್. ಅನ್ಬೋದಾ ಅಂತ ಕೇಳಿದ್ದು.”

ಅನ್ನು ಅಂದುಬಿಟ್ಟಿದ್ದೇನೆ. ಗುಬ್ಬಿಯಲ್ಲಿ ತೀರ್ಪು ಕೊಡಲು ಕೂರುವವರೇ, ಅವಳು ‘ಹೌದು’ ಅಂದರೆ ನೀವೆಷ್ಟು ಹಾಕುತ್ತೀರಿ?