ಬಲಗೆನ್ನೆಗೆ ಬಿದ್ದ ಏಟು

ನಮ್ಮ ಬಂಗಾರಪೇಟೆ ಕಡೆಯ ಹಳ್ಳಿಗಳಲ್ಲಿ ಯಾರಾದರೂ ಕೆನ್ನೆ ಊದಿಸಿಕೊಂಡು ಮನೆಗೆ ಬಂದರೆ ಮುನೇಶ್ವರ ಅಡ್ಡ ಬಂದು ಹೊಡೆದ ಎನ್ನುತ್ತಾರೆ. ಹೊಡೆದದ್ದು ಮುನೇಶ್ವರನಲ್ಲ, ಬಾಟಲಿ ಎಂದು ನಾನು ಅವರ ಮುಖಕ್ಕೇ ಹೇಳಿ ನಗುತ್ತಿದ್ದೆ. ಕಬ್ಬಿಣ, ಗ್ರೀಸು, ಪೆಟ್ರೋಲಿನ ಜೊತೆ ಇಪ್ಪತ್ತು ವರ್ಷ ಕಳೆದವನು ನಾನು. ಇಂಜಿನ್ ಸ್ಟಾರ್ಟ್ ಆಗದಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಈಗ ಬರೆಯುತ್ತಿರುವ ಸಂಗತಿಗೆ ಎಷ್ಟು ಹುಡುಕಿದರೂ ಕಾರಣ ಸಿಕ್ಕಿಲ್ಲ. ನೀವು ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಮೊದಲು ನನ್ನ ಮಾನ ಹೋಗುವ ಮಾತನ್ನು ಹೇಳಿಬಿಡುತ್ತೇನೆ. ನನಗೆ ಕೆಲಸ ಕಲಿಸಿದ ಗುರುವಿನ ಕೈಯನ್ನು ನಾನು ಹೊಡೆದು ಮುರಿದಿದ್ದೇನೆ.

ಅವರ ಹೆಸರು ಆರೋಗ್ಯಸ್ವಾಮಿ, ಮನೆಮಾತು ತಮಿಳು. ನಾವೆಲ್ಲ ಮೇಸ್ತ್ರಿ ಎನ್ನುತ್ತಿದ್ದೆವು. ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದವರು, ಗಣಿ ಮುಚ್ಚಿದ ಮೇಲೆ ಊರಿಗಾಂನಲ್ಲಿ ಗಣಿ ಕಾರ್ಮಿಕರ ಸಾಲಿನಲ್ಲಿದ್ದ ತಮ್ಮ ಲೈನ್ ಮನೆಯ ಪಕ್ಕ ತಗಡಿನ ಶೆಡ್ ಹಾಕಿ ಹಳೆಯ ಬೈಕುಗಳಿಗೆ ಜೀವ ಕೊಡುತ್ತಿದ್ದರು. ಮೇಸ್ತ್ರಿ ಎಡಚರು. ಅವರ ಕೈಕೆಳಗೆ ಕೆಲಸ ಕಲಿತವರಲ್ಲಿ ಬಲಗೆನ್ನೆಗೆ ಏಟು ತಿನ್ನದವರು ಒಬ್ಬರೂ ಇಲ್ಲ. ಹೊಡೆದ ಐದು ನಿಮಿಷಕ್ಕೆ ಟೀ ತರಿಸಿ ಕೊಡುತ್ತಿದ್ದರು, ಅದೂ ಅವರ ಪದ್ಧತಿ.

ಮೈಸೂರು ಮೈನ್ಸ್ ಹತ್ತಿರ ಒಬ್ಬರ ಕೋಳಿಗೂಡಿನಲ್ಲಿ ಒಂದು ಹಳೆಯ ಸ್ಕ್ರಾಂಬ್ಲರ್ ಇದೆ ಎಂದು ಪತ್ತೆ ಹಚ್ಚಿದ್ದು ನಾನು. ಗುಡ್ಡ, ಗುಂಡಿಗಳಲ್ಲಿ ಓಡಿಸಲೆಂದೇ ಯಾವುದೋ ದೇಶದಲ್ಲಿ ತಯಾರಾದ ಟೂ-ಸ್ಟ್ರೋಕ್ ಗಾಡಿ. ಯಾರು ತಂದರೋ, ಯಾಕೆ ಬಿಟ್ಟರೋ ಯಾರಿಗೂ ಗೊತ್ತಿರಲಿಲ್ಲ. ನಾನು, ಮೇಸ್ತ್ರಿ ಸೇರಿ ಅದನ್ನು ಕೊಂಡೆವು. ಎರಡು ವರ್ಷ ಅದರ ರಿಪೇರಿಗೆ ಕೂತೆವು. ಸಿಗದ ಪಾರ್ಟನ್ನು ಮೇಸ್ತ್ರಿ ಲೇತಿನಲ್ಲಿ ತಾವೇ ಮಾಡಿದರು. ಹುಟ್ಟಿದಾಗ ಹೇಗಿತ್ತೋ ಹಾಗೇ ಎದ್ದು ನಿಲ್ಲಬೇಕು ಎನ್ನುವುದು ಅವರ ಹಟ. ಸೈನೈಡ್ ಗುಡ್ಡವನ್ನು ಹತ್ತಬೇಕು ಎನ್ನುವುದು ನನ್ನ ಹಟ. ಚಿನ್ನ ತೆಗೆದುಳಿದ ಮಣ್ಣನ್ನು ಸುರಿದು ಸುರಿದು ಎದ್ದ ಗುಡ್ಡ ಅದು. ಹುಲ್ಲೂ ಸರಿಯಾಗಿ ಬೆಳೆಯದ ಆ ಬೋಳು ಏರಿನಲ್ಲಿ ನಮ್ಮ ಕಡೆಯ ಬೈಕಿನವರೆಲ್ಲ ತಮ್ಮ ಗಂಡಸುತನ ತೋರಿಸಿಕೊಳ್ಳುತ್ತಾರೆ. ಅದಕ್ಕೆ ಚಾಸಿಯ ಬಾಲ ಕತ್ತರಿಸಿ ಹಗುರ ಮಾಡಬೇಕಿತ್ತು, ಸೈಲೆನ್ಸರ್ ಮೇಲೆತ್ತಬೇಕಿತ್ತು. ಮೇಸ್ತ್ರಿ ಒಪ್ಪಲಿಲ್ಲ.

ಅವರು ಒಂದು ದಿನ ಬಂಗಾರಪೇಟೆಗೆ ನೆಂಟರೊಬ್ಬರ ಮಣ್ಣಿಗೆ ಹೋಗಿದ್ದರು. ನಾನು ಗ್ರೈಂಡರ್ ಹಿಡಿದೆ. ಅವರು ವಾಪಸ್ ಬರುವಷ್ಟರಲ್ಲಿ ಚಾಸಿಯ ಹಿಂಭಾಗ ನೆಲದ ಮೇಲಿತ್ತು. ಮೇಸ್ತ್ರಿ ಕತ್ತರಿಸಿದ ಪೈಪನ್ನು ಬೆರಳಿನಿಂದ ಮುಟ್ಟಿ ನೋಡಿದರು, ಎದ್ದರು, ನನ್ನ ಬಲಗೆನ್ನೆಗೆ ಹೊಡೆದರು. ನನಗಾಗ ನಲವತ್ತು ವರ್ಷ. ಹೊರಗೆ ನಾಲ್ಕು ಜನ ನೋಡುತ್ತಿದ್ದರು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಕೈಯಲ್ಲಿದ್ದ, ಟೈರ್ ಬಿಚ್ಚುವ ಕಬ್ಬಿಣದ ಲಿವರ್ ಬೀಸಿದೆ. ಅವರು ಮುಖಕ್ಕೆ ಎಡಗೈ ಅಡ್ಡ ಹಿಡಿದರು. ಅದೇ ಕೈಗೆ ಇನ್ನೊಂದು ಏಟು ಹಾಕಿದೆ. ಮೊದಲನೆಯದು ಕೋಪದಲ್ಲಿ ಬಿತ್ತು ಅನ್ನಬಹುದು, ಎರಡನೆಯದಕ್ಕೆ ಆ ನೆಪವೂ ಇಲ್ಲ. ಮೂಳೆ ಮುರಿದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಆಮೇಲೆ ಏನು ಮಾಡಿದೆ ಗೊತ್ತೆ? ಗಾಡಿ ತಳ್ಳಿಕೊಂಡು ಮನೆಗೆ ಹೋದೆ.

ಕಿಕ್ಕರ್ ವಾಪಸ್ ಹೊಡೆದು ಕೈ ಮುರಿಯಿತು ಎಂದು ಮೇಸ್ತ್ರಿ ಆಸ್ಪತ್ರೆಯಲ್ಲಿ ಹೇಳಿದರಂತೆ. ಪೊಲೀಸರ ತನಕ ಹೋಗಲಿಲ್ಲ. ಅವರ ಮಗಳು ಸ್ಟೆಲ್ಲಾ ಮಾತ್ರ ರಾಬರ್ಟ್‌ಸನ್‌ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದು, ಜನರ ಮುಂದೆಯೇ ಕಾಲ ಬಳಿ ಉಗಿದಳು. "ಅಪ್ಪಾಗೆ ಅನ್ನ ನಾನ್ ಕಲಸಿ ಕೊಡ್ತಿದೀನಿ. ನೀನು ನಿನ್ ಎರಡು ಕೈಯಲ್ಲೂ ಚೆನ್ನಾಗ್ ತಿನ್ನು" ಎಂದಳು. ಬ್ಯಾಂಡೇಜ್ ಬಿಚ್ಚಿದ ಮೇಲೂ ಬೆರಳುಗಳು ಅರ್ಧ ಮಡಚಿಕೊಂಡೇ ಉಳಿದವು ಎಂದು ಬೇರೆಯವರಿಂದ ತಿಳಿಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಹೋಗಿ ಕಾಲು ಹಿಡಿಯಬೇಕು ಎಂದು ದಿನಾ ಅನಿಸುತ್ತಿತ್ತು, ಒಂದು ದಿನವೂ ಹೋಗಲಿಲ್ಲ. ಮುಂದಿನ ಎಂಟು ತಿಂಗಳು ಒಬ್ಬನೇ ಗಾಡಿಯ ಕೆಲಸ ಮಾಡಿದೆ. ಅಷ್ಟು ಮಾಡಿ ಗಾಡಿಯನ್ನೂ ಕೈಬಿಟ್ಟರೆ ಆ ಏಟಿಗೆ ಅರ್ಥವೇ ಇಲ್ಲ ಎನ್ನುವ ಹುಚ್ಚು ಲೆಕ್ಕ ನನ್ನದು.

ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಗುಡ್ಡದ ಬುಡಕ್ಕೆ ಗಾಡಿ ತಂದೆವು. ಎಂಟೊಂಬತ್ತು ಜನ ಇದ್ದರು. ಓಡಿಸಬೇಕಾದವನು ನಾಗೇಶ, ಫ್ಯಾಕ್ಟರಿಯಲ್ಲಿ ವೆಲ್ಡರ್, ನನ್ನ ಹಳೆಯ ಸ್ನೇಹಿತ. ಕುಂಕುಮ ಹಚ್ಚಿ, ಕಾಯಿ ಒಡೆದು, ಎರಡು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆವು. ನಿಂಬೆಹಣ್ಣನ್ನು ಮುಂದೆ ಇಡುತ್ತಾರೆ, ಗಾಡಿ ಮುಂದಕ್ಕೆ ತಾನೇ ಹೋಗುವುದು.

ಇಲ್ಲಿ ಒಂದು ವಿಷಯ ಹೇಳಬೇಕು. ಹಳೆಯ ಟೂ-ಸ್ಟ್ರೋಕ್ ಇಂಜಿನ್ ತಿರುವುಮುರುವಾಗಿಯೂ ಓಡಬಲ್ಲದು. ಕಿಡಿ ಹಾರುವ ಟೈಮಿಂಗನ್ನು ತೀರ ಮುಂದಕ್ಕಿಟ್ಟರೆ, ಕಿಕ್ ಹೊಡೆದಾಗ ಇಂಜಿನ್ ಒದ್ದುಕೊಂಡು ಉಲ್ಟಾ ತಿರುಗಲು ಶುರುವಾಗಬಹುದು. ಆಗ ಫಸ್ಟ್ ಗೇರ್ ಹಾಕಿದರೆ ಗಾಡಿ ಹಿಂದಕ್ಕೆ ನುಗ್ಗುತ್ತದೆ. ಏರಿಗೆ ಜೋರು ಬರಲಿ ಎಂದು ನಾನು ಟೈಮಿಂಗ್ ಮುಂದಕ್ಕೆ ಇಟ್ಟಿದ್ದೆ. ಉಲ್ಟಾ ಓಡುವ ಇಂಜಿನ್ನಿನ ಸದ್ದನ್ನು ಮೇಸ್ತ್ರಿ ಆದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ನನ್ನ ಕಿವಿಗೆ ಅಷ್ಟು ತಿಳಿವಳಿಕೆ ಇರಲಿಲ್ಲ.

ನಾಗೇಶ ಎರಡು ಸಲ ಕಿಕ್ ಹೊಡೆದ, ಎರಡು ಸಲವೂ ಕಿಕ್ಕರ್ ಅವನ ಕಾಲಿಗೆ ತಿರುಗಿ ಒದ್ದಿತು. ಮೂರನೆಯದಕ್ಕೆ ಇಂಜಿನ್ ಹಿಡಿಯಿತು. ಸದ್ದು ಸ್ವಲ್ಪ ಒಡಕಾಗಿತ್ತು. ಚೈನ್ ಸಡಿಲವಿರಬೇಕು ಎಂದುಕೊಂಡು ನಾನು ಗಾಡಿಯ ಹಿಂದೆ ಮೊಣಕಾಲೂರಿ, ಹಿಂಚಕ್ರಕ್ಕೆ ಮುಖ ಕೊಟ್ಟು ಬಗ್ಗಿದೆ. ನಾನು ಕತ್ತರಿಸಿದ್ದ ಚಾಸಿಯ ಎರಡು ಪೈಪುಗಳ ಬಾಯಿ ಇನ್ನೂ ಮುಚ್ಚಿರಲಿಲ್ಲ, ಅವು ನನ್ನ ಹಣೆಯಿಂದ ಒಂದು ಗೇಣು ದೂರದಲ್ಲಿದ್ದವು.

ಆಗ ನನ್ನ ಬಲಗೆನ್ನೆಗೆ ಏಟು ಬಿತ್ತು.

ಗಾಳಿ ತಾಗಿದಂತೆ, ಮೈ ಜುಂ ಎಂದಂತೆ ಅಲ್ಲ. ಬಿಚ್ಚಿದ ಅಂಗೈಯಿಂದ, ಮೈಯ ಬಲವೆಲ್ಲ ಹಾಕಿ ಹೊಡೆದ ಏಟು. ಕಣ್ಣಿಗೆ ನಕ್ಷತ್ರ ಕಂಡವು, ಕಿವಿ ಗುಂಯ್ ಎಂದಿತು, ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. ನಾನು ಎಡಕ್ಕೆ ಉರುಳಿ ಬಿದ್ದೆ. ಬಿದ್ದ ಮೇಲೆ ನಾಗೇಶ ಗೇರ್ ಹಾಕಿದ ಸದ್ದು ಕೇಳಿಸಿತು. ಗಾಡಿ ಚಂಗನೆ ಹಿಂದಕ್ಕೆ ಹಾರಿ, ನನ್ನ ತಲೆಯಿದ್ದ ಜಾಗದ ಮೂಲಕ ನುಗ್ಗಿ, ಹಿಂದಿದ್ದ ಟೂಲ್ ಪೆಟ್ಟಿಗೆಗೆ ಬಡಿಯಿತು. ಎರಡು ಪೈಪುಗಳೂ ಪೆಟ್ಟಿಗೆಯ ತಗಡನ್ನು ತೂರಿ ಒಳಗೆ ಹೋದವು. ನಾಗೇಶ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಹಾರಿ ಭುಜ ಮುರಿದುಕೊಂಡ. ಮಲಗಿದ ಗಾಡಿಯ ಹಿಂಚಕ್ರ ಮಣ್ಣನ್ನು ಕೆರೆಯುತ್ತ ತಿರುಗುತ್ತಲೇ ಇತ್ತು, ಯಾರೋ ಪ್ಲಗ್ ವೈರ್ ಕಿತ್ತು ನಿಲ್ಲಿಸಿದರು.

ನೆಲದ ಮೇಲೆ ನರಳುತ್ತಿದ್ದ ನಾಗೇಶನೇ ಮೊದಲು ನನ್ನ ಮುಖ ನೋಡಿದ್ದು. "ಏನ್ಲಾ ಅದು ಕೆನ್ನೆ? ಯಾರ್ಲಾ ಒಡ್ದಿದ್ದು ನಿಂಗೆ?" ಎಂದ. ಐದು ಬೆರಳೂ ಎಣಿಸುವ ಹಾಗೆ ಮೂಡಿದ್ದವು.

ಒಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಅದು ಈಗಲೂ ನನ್ನ ಹತ್ತಿರ ಇದೆ. ನಾನು ಬಗ್ಗುತ್ತೇನೆ, ನನ್ನ ತಲೆ ಎಡಕ್ಕೆ ಎಗರುತ್ತದೆ, ಆಮೇಲೆ ಗಾಡಿ ಹಾರುತ್ತದೆ. ನನ್ನ ಪಕ್ಕದಲ್ಲಿ ಯಾರೂ ಇಲ್ಲ. ಏಟು ಬಂದ ಕಡೆ ಇದ್ದದ್ದು ಚಕ್ರ ಮಾತ್ರ, ಅದು ಆಗಿನ್ನೂ ತಿರುಗಿರಲೇ ಇಲ್ಲ, ಕಲ್ಲು ಸಿಡಿಯಿತು ಎನ್ನಲು. ನಾಗೇಶನನ್ನು ಸೇರಿಸಿದ ಆಸ್ಪತ್ರೆಯ ಡಾಕ್ಟರು, ಬೆದರಿ ನೀವೇ ಕತ್ತು ಎಳೆದುಕೊಂಡಿರುತ್ತೀರಿ ಎಂದರು. ಬೆರಳಿನ ಗುರುತು? ಅಲರ್ಜಿ ಇರಬಹುದು ಎಂದರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ, ನಾನು ಪರಾಂಬರಿಸಿದ್ದು ಸಾಕಾಗಿದೆ.

ಆದರೆ ಅವತ್ತು ನನಗೆ ಯಾವ ಅನುಮಾನವೂ ಇರಲಿಲ್ಲ. ಆ ಕೈ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ತಿಂದ ಏಟು ಮರೆಯುತ್ತದೆಯೆ? ಮೇಸ್ತ್ರಿಗೆ ಏನೋ ಆಗಿಹೋಗಿದೆ, ಹೋಗುವ ಮುಂಚೆ ನನ್ನನ್ನು ಉಳಿಸಿ ಹೋಗಿದ್ದಾರೆ ಎಂದುಕೊಂಡೆ. ಆಸ್ಪತ್ರೆಯಿಂದ ನೇರವಾಗಿ ಬೇರೊಂದು ಬೈಕಿನಲ್ಲಿ ಊರಿಗಾಂಗೆ ಹೊರಟೆ. ದಾರಿಯುದ್ದಕ್ಕೂ ಅತ್ತೆ, ಹೇಳಿಕೊಳ್ಳಲು ನಾಚಿಕೆ ಇಲ್ಲ. ಅವರು ಸತ್ತಿರುತ್ತಾರೆ ಎಂಬ ದುಃಖದ ಅಡಿಯಲ್ಲಿ ಇನ್ನೊಂದು ಇತ್ತು. ನನ್ನನ್ನು ಕ್ಷಮಿಸಿದ್ದಾರೆ ಎನ್ನುವ ಸಂತೋಷ.

ಮೇಸ್ತ್ರಿ ಬದುಕಿದ್ದರು. ಮಂಚದ ಮೇಲೆ ಕೂತು ಬಲಗೈಯಲ್ಲಿ ಚಮಚ ಹಿಡಿದು ಊಟ ಮಾಡುತ್ತಿದ್ದರು. ಸ್ಟೆಲ್ಲಾ ಬಾಗಿಲಿಗೆ ಅಡ್ಡ ನಿಂತವಳು ನನ್ನ ಕೆನ್ನೆ ನೋಡಿ ಪಕ್ಕಕ್ಕೆ ಸರಿದಳು. ಮೇಸ್ತ್ರಿ ಎಲ್ಲಾದರೂ ಹೋಗಿದ್ದರೆ ಎಂದು ಕೇಳಿದ್ದಕ್ಕೆ, ಬೆಳಿಗ್ಗೆ ಚರ್ಚಿನಿಂದ ಬಂದಾಗಿನಿಂದ ಅಪ್ಪ ಇಲ್ಲೇ ಕೂತಿದ್ದಾರೆ, ಏಳಲೂ ಇಲ್ಲ ಎಂದಳು. ನಾನು ನೆಲದ ಮೇಲೆ ಕೂತು ಅವರ ಪಾದ ಹಿಡಿದು ನಡೆದದ್ದೆಲ್ಲ ಹೇಳಿದೆ. ನೀವೇ ಹೊಡೆದಿರಿ, ನೀವೇ ಉಳಿಸಿದಿರಿ ಎಂದೆ. ಅವರು ಚಮಚ ಕೆಳಗಿಟ್ಟು, ಬಲಗೈಯಿಂದ ನನ್ನ ಗದ್ದ ಎತ್ತಿ, ಕೆಟ್ಟ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನೋಡಿದರು. ಆಮೇಲೆ ತಮ್ಮ ಎಡಗೈಯನ್ನು ತಂದು ನನ್ನ ಕೆನ್ನೆಯ ಮೇಲಿನ ಗುರುತಿಗೆ ಇಟ್ಟರು. ಮಡಚಿದ ಬೆರಳುಗಳು ಬಿಚ್ಚಲಿಲ್ಲ, ಗೆಣ್ಣುಗಳಷ್ಟೇ ತಾಗಿದವು.

"ನನ್ ಕೈ ಇಲ್ಲ ಡಾ ಇದು. ನನ್ ಕೈ ಬಿಚ್ಚೋದೇ ಇಲ್ಲ, ನೋಡು" ಎಂದರು.

ಹೊಡೆದದ್ದು ಅವರೇ ಎಂದು ನಾನು ಮತ್ತೆ ಹೇಳಿದೆ, ಹಟ ಹಿಡಿದ ಹುಡುಗನ ಹಾಗೆ.

"ನಾನ್ ಅಲ್ಲಿ ಇದ್ದಿದ್ರೆ ಹೊಡೀತಾ ಇರ್ಲಿಲ್ಲ" ಎಂದರು ಮೇಸ್ತ್ರಿ. "ಸದ್ದು ಕೇಳ್ದಾಗ್ಲೇ ನಂಗೆ ಗೊತ್ತಾಗ್ತಿತ್ತು, ಇದು ಹಿಂದಕ್ಕ್ ಬರುತ್ತೆ ಅಂತ. ಸುಮ್ನೆ ನಿಂತ್ಕೊಂಡ್ ನೋಡ್ತಿದ್ದೆ."

ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಎಷ್ಟನೇ ನಂಬರಿನ ಸ್ಪ್ಯಾನರ್ ಬೇಕು ಎಂದು ಹೇಳುವಂತೆಯೇ ಹೇಳಿದರು. ಹೇಳಿ ಚಮಚ ಕೈಗೆ ತೆಗೆದುಕೊಂಡರು. ಸ್ಟೆಲ್ಲಾ ತಟ್ಟೆಗೆ ಸಾರು ಬಡಿಸಿದಳು. ನಾನು ಎದ್ದು ಬಂದೆ.

ಆ ಗಾಡಿಯನ್ನು ಮತ್ತೆ ಮುಟ್ಟಿಲ್ಲ. ಗುರುತು ನಾಲ್ಕು ದಿನಕ್ಕೆ ಹೋಯಿತು, ಬಲಗಿವಿ ಈಗಲೂ ಸರಿಯಾಗಿ ಕೇಳಿಸುವುದಿಲ್ಲ. ಮೇಸ್ತ್ರಿ ಹೇಳಿದ್ದನ್ನು ನಾನು ನಂಬುತ್ತೇನೆ. ಹಾಗೆ ನಿಂತು ನೋಡುವಷ್ಟು ನೋವನ್ನು ಅವರಿಗೆ ಕೊಟ್ಟವನು ನಾನೇ. ಆದರೆ ಅವರಲ್ಲದಿದ್ದರೆ, ಅವತ್ತು ಆ ಗುಡ್ಡದ ಬುಡದಲ್ಲಿ ನಾನು ಸಾಯಬಾರದು ಎಂದು ಇನ್ನು ಯಾರಿಗೆ ಅನಿಸಿತು? ನನಗೆ ಅಂಥವರು ಯಾರೂ ಇರಲಿಲ್ಲ.