ದಪ್ಪ ಕಾಲಿನ ಫೋರ್ಕ್

ಸಿಂದಗಿಯ ನಮ್ಮ ಓಣಿಯ ಸೈಕಲ್ ಮಿಸ್ತ್ರಿ, ಯಾರ ಸೈಕಲ್ ಬಂದರೂ ಮೊದಲು ಹ್ಯಾಂಡಲ್ ಮೇಲೆ ಎದೆಭಾರ ಹಾಕಿ ಒತ್ತುತ್ತಿದ್ದ. ಆಮೇಲೆ "ಅಂಜಬ್ಯಾಡ್ರಿ" ಅನ್ನುತ್ತಿದ್ದ. ಬರೀ ಪಂಕ್ಚರ್ ಆಗಿದ್ದರೂ ಅದೇ ಮಾತು.

ನನ್ನ ಮೊಮ್ಮಗಳು ಗುಡ್ಡ ಹತ್ತುವ ಸೈಕಲ್ಲನ್ನು ಕಲ್ಲಿನ ಖಣಿಯ ದಿನ್ನೆಯಿಂದ ಹಾರಿಸುತ್ತಾಳೆ. ಮುಂದಿನ ಗಾಲಿಯ ಹೊಡೆತ ತಡೆಯುವ ಫೋರ್ಕ್ ಆರಿಸಲು ಅವನ ಬಳಿ ಹೋದೆವು. ಅವಳಿಗೆ ಹಗುರಾದದ್ದು ಬೇಕು. ಅದು ಮುರಿದರೆ ಅವಳ ಕುತ್ತಿಗೆಯೂ ಮುರಿಯುತ್ತದೆ ಎಂಬ ಭಯ ನನಗೆ.

ಮಿಸ್ತ್ರಿ ಅವಳನ್ನು ಅಂಗಡಿಯ ಕಟ್ಟೆಯಿಂದ ಬರಿಗಾಲಲ್ಲಿ ಜಿಗಿಸಿ ನೋಡಿದ.

"ಮೊಣಕಾಲ ಮಡಚೂದ ಇಲ್ಲ ನೀ. ಜ್ವಾಳದ ಚೀಲ ಒಗದಂಗ ಬೀಳ್ತಿ. ದಪ್ಪ ಕಾಲಿನ ಫೋರ್ಕ ಹಾಕ್ತೇನಿ."

"ಭಾಳ ವಜ್ಜಿ ಐತಿ, ಕಾಕಾ!" ಅವಳು ಅದನ್ನು ಎತ್ತಿ ನೋಡಿ ಗೊಣಗಿದಳು.

"ವಜ್ಜಿ ಇರ್ಲಿ, ಹಲ್ಲರ ಉಳೀತಾವ." ನನ್ನ ಕಡೆ ತಿರುಗಿದ. "ಅಂಜಬ್ಯಾಡ್ರಿ, ಆಯಿ."

ಅದನ್ನೇ ಹಾಕಿಸಿಕೊಂಡು ಖಣಿಗೆ ಹೋದೆವು. ಬಿಚ್ಚಿದ ಹಳೆ ಫೋರ್ಕ್ ಹಿಡಿದುಕೊಂಡೇ ಅವನೂ ಬಂದ. ಅವಳು ದಿನ್ನೆ ಏರಿದಳು. ಧೈರ್ಯಕ್ಕೆಂದು ಅವನ ಮುಖ ನೋಡಿದರೆ, ಅವನು ಬೆನ್ನು ತಿರುಗಿಸಿ ನಿಂತಿದ್ದ. ಧಡ್ ಎಂದು ಸಪ್ಪಳವಾಯಿತು.

"ಬಿದ್ಲೇನ್ರಿ, ಆಯಿ?"

"ಇಲ್ಲೋ. ಸೈಕಲ್ ಮ್ಯಾಲ ಅದಾಳ. ತಿರುಗು."

ಅವನು ತಿರುಗಲಿಲ್ಲ. ಹಳೆ ಫೋರ್ಕನ್ನು ಎದೆಗೆ ಒತ್ತಿ ಹಿಡಿದಿದ್ದ.

"ಮತ್ತ ದಿನ್ನಿ ಹತ್ತಾಕತ್ತಾಳೇನ್ರಿ?"

ಹತ್ತುತ್ತಿದ್ದಳು.